ಬೀಳುವುದನ್ನು ಕಲಿತ ಹುಡುಗ: ಬಸ್ಟರ್ ಕೀಟನ್

ಒಂದು ಹಿಡಿಯಿಂದ ಶುರು ಮಾಡುತ್ತೇನೆ. ಸೂಟ್‌ಕೇಸಿಗೆ ಇರುತ್ತದಲ್ಲ, ಆ ಥರದ ಹಿಡಿ. ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಅಮೆರಿಕದಲ್ಲಿ ಒಬ್ಬ ಪುಟ್ಟ ಹುಡುಗನ ಕೋಟಿನ ಬೆನ್ನಿಗೆ ಅಂಥದ್ದೊಂದು ಹಿಡಿಯನ್ನು ಹೊಲಿದಿದ್ದರು. ಯಾಕೆ ಗೊತ್ತಾ? ಅಪ್ಪನಿಗೆ ಮಗನನ್ನು ಎತ್ತಿ ಎಸೆಯಲು ಸುಲಭವಾಗಲಿ ಅಂತ. ರಂಗದ ಮೇಲೆ, ಜನರ ಎದುರಿಗೆ, ದಿನಕ್ಕೆ ಎರಡು ಮೂರು ಸಲ. ಪರದೆಯ ಮೇಲೆ, ಸೀನರಿಯ ಮೇಲೆ, ಕೆಲವೊಮ್ಮೆ ವಾದ್ಯದವರು ಕೂತಿದ್ದ ಗುಂಡಿಗೆ. ಹುಡುಗ ಎದ್ದು ಮೈ ಕೊಡವಿಕೊಂಡು ಮತ್ತೆ ಅಪ್ಪನ ಹತ್ತಿರ ಬರುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆ ಹುಡುಗನೇ ಬಸ್ಟರ್ ಕೀಟನ್. ಮುಂದೆ ಮೂಕಿ ಚಿತ್ರಗಳ ದೊಡ್ಡ ಹಾಸ್ಯನಟ, ನಿರ್ದೇಶಕನಾದವನು. ಈಗಷ್ಟೇ ನಾವು ಇಲ್ಲಿ ನೋಡಿದ 'ದಿ ಜನರಲ್' ಅವನದೇ ಚಿತ್ರ. ಅವನನ್ನು ಈ ಮಾತಿನುದ್ದಕ್ಕೂ 'ಅವನು' ಅಂತಲೇ ಕರೆಯುತ್ತೇನೆ. ಅಗೌರವ ಅಂದುಕೊಳ್ಳಬೇಡಿ. ಬಹಳ ವರ್ಷ ಜೊತೆಗಿದ್ದವರನ್ನು ಹಾಗೆ ಕರೆಯುವುದು ನಮ್ಮ ರೂಢಿ ಅಲ್ವಾ?

ಅವನ ನಿಜವಾದ ಹೆಸರು ಜೋಸೆಫ್ ಫ್ರಾಂಕ್ ಕೀಟನ್. ಹುಟ್ಟಿದ್ದು 1895ರ ಅಕ್ಟೋಬರ್ 4ರಂದು, ಕ್ಯಾನ್ಸಸ್ ರಾಜ್ಯದ ಪಿಕ್ವಾ ಎಂಬ ಸಣ್ಣ ಊರಿನಲ್ಲಿ. ಅದು ಅವರ ಸ್ವಂತ ಊರೇನಲ್ಲ. ಅಪ್ಪ ಜೋ, ಅಮ್ಮ ಮೈರಾ ಇಬ್ಬರೂ ಊರೂರು ತಿರುಗುವ ಕಲಾವಿದರು. ಹೆರಿಗೆಯ ದಿನ ಬಂದಾಗ ತಂಡ ಅಲ್ಲಿತ್ತು, ಅಷ್ಟೇ. ನಮ್ಮ ಸಂತೆಗಳಲ್ಲಿ ಔಷಧಿ ಮಾರುವವನು ಮೊದಲು ಜಾದೂ ತೋರಿಸಿ ಜನ ಸೇರಿಸುತ್ತಿದ್ದನಲ್ಲ, ಅಂಥ ತಂಡ ಅದು. ಜಾದೂಗಾರ ಹ್ಯಾರಿ ಹೌಡಿನಿ ಕೂಡ ಆ ದಿನಗಳಲ್ಲಿ ಇವರ ಜೊತೆಗಾರ. ಮಗು ಮೆಟ್ಟಿಲಿಂದ ಉರುಳಿಬಿದ್ದು ಏನೂ ಆಗದವನಂತೆ ಎದ್ದು ಕೂತನಂತೆ. ಅದನ್ನು ನೋಡಿ ಹೌಡಿನಿಯೇ 'ಬಸ್ಟರ್' ಎಂದು ಹೆಸರಿಟ್ಟರು ಅಂತ ಮನೆಯವರು ಹೇಳಿಕೊಂಡು ಬಂದರು. ಆ ಕಾಲದ ಆಡುಮಾತಿನಲ್ಲಿ ಬಸ್ಟರ್ ಅಂದರೆ ಜೋರಾಗಿ ಬೀಳುವುದು. ಅದು ಮನೆಯ ದಂತಕತೆ. ನಿಜವೇ ಅಂತ ಕೆದಕಲು ನಾನು ಹೋಗುವುದಿಲ್ಲ. ಹೆಸರು ಮಾತ್ರ ಅವನಿಗೆ ಸರಿಯಾಗಿ ಕೂತಿತು.

ಅಪ್ಪ, ಅಮ್ಮ, ಮಗ ಸೇರಿ 'ತ್ರೀ ಕೀಟನ್ಸ್' ಎಂಬ ಆಟ ಕಟ್ಟಿದರು. ಮಗ ತುಂಟತನ ಮಾಡಬೇಕು, ಅಪ್ಪ ಸಿಟ್ಟಾಗಿ ಎಸೆಯಬೇಕು. ಮಕ್ಕಳ ರಕ್ಷಣೆಯ ಸಂಘದವರು ನ್ಯೂಯಾರ್ಕಿನಲ್ಲಿ ಇವರ ಹಿಂದೆ ಬಿದ್ದರು. ಹುಡುಗನ ಬಟ್ಟೆ ಬಿಚ್ಚಿಸಿ ಗಾಯ ಇದೆಯಾ ಅಂತ ನೋಡಿದ್ದೂ ಉಂಟು. ಮೂಳೆ ಮುರಿದಿರಲಿಲ್ಲ. ಅಪ್ಪ ತನ್ನನ್ನು ಹಿಂಸಿಸಲಿಲ್ಲ, ಬೀಳುವುದನ್ನು ಕಲಿಸಿದ ಅಂತಲೇ ಕೀಟನ್ ಕೊನೆಯವರೆಗೂ ಹೇಳಿದ. ಆದರೂ ಈ ಭಾಗ ಹೇಳುವಾಗ ನನಗೆ ಕಷ್ಟವಾಗುತ್ತದೆ. ಶಾಲೆಗೆ ಹೋಗದ, ಆಟದ ಮೈದಾನ ನೋಡದ ಮಗು ಅದು. ಅಪ್ಪ ಕುಡಿಯುವುದು ಜಾಸ್ತಿಯಾದಾಗ ಎಸೆತದ ಲೆಕ್ಕ ತಪ್ಪತೊಡಗಿತು. 1917ರಲ್ಲಿ ಆಟ ಮುರಿದುಬಿತ್ತು. ಮಗನಿಗೆ ಆಗ 21 ವರ್ಷ.

ಆ ರಂಗದಿಂದ ಅವನು ಎರಡು ವಿದ್ಯೆ ಹೊತ್ತು ತಂದ. ಒಂದು ಬೀಳುವುದು. ಬೀಳುವಾಗ ಮೈ ಬಿಗಿ ಹಿಡಿದರೆ ಮೂಳೆ ಹೋಗುತ್ತದೆ. ಸಡಿಲ ಬಿಟ್ಟು, ಒಂದು ಕೈಯಿಂದಲೋ ಕಾಲಿನಿಂದಲೋ ಪೆಟ್ಟನ್ನು ತಡೆದುಕೊಳ್ಳಬೇಕು. ಇನ್ನೊಂದು, ನಗದೇ ಇರುವುದು. ಎಸೆತದ ಆಟವನ್ನು ತಾನೂ ಸಂತೋಷಪಟ್ಟು ನಕ್ಕರೆ ಜನ ಅಷ್ಟು ನಗುವುದಿಲ್ಲ ಅಂತ ಆ ಪುಟ್ಟ ಹುಡುಗ ಕಂಡುಕೊಂಡ. ಮುಖ ಗಂಭೀರವಾಗಿಟ್ಟರೆ ಸಭೆ ಹಾರಿಬೀಳುತ್ತದೆ. ಮುಂದೆ ಅವನಿಗೆ ಬಂದ 'ಕಲ್ಲುಮುಖ' ಎಂಬ ಬಿರುದಿನ ಮೂಲ ಇದು. ಆದರೆ ಆ ಮುಖ ಕಲ್ಲಲ್ಲ. ಇವತ್ತು ರಾತ್ರಿ ಮನೆಗೆ ಹೋಗಿ ಅವನ ಯಾವುದಾದರೂ ಚಿತ್ರ ಹಾಕಿ, ಕಣ್ಣುಗಳನ್ನು ಮಾತ್ರ ನೋಡಿ. ಯೋಚನೆ, ಭಯ, ಆಸೆ, ನಾಚಿಕೆ ಎಲ್ಲ ಅಲ್ಲೇ ಓಡಾಡುತ್ತಿರುತ್ತವೆ.

ಆಟ ಮುರಿದ ಮೇಲೆ ಅವನು ನ್ಯೂಯಾರ್ಕಿಗೆ ಬಂದ. ವಾರಕ್ಕೆ 250 ಡಾಲರ್ ಸಿಗುವ ರಂಗದ ಕೆಲಸ ಕೈಯಲ್ಲಿತ್ತು. ಅಷ್ಟರಲ್ಲಿ ರೋಸ್ಕೋ ಅರ್ಬಕಲ್ ಅಂತ ಆಗಿನ ದೊಡ್ಡ ಹಾಸ್ಯನಟ ಸ್ಟುಡಿಯೋಗೆ ಕರೆದ. ದಪ್ಪ ಮೈಯ ಈ ಅರ್ಬಕಲ್ 'ಫ್ಯಾಟಿ' ಅಂತಲೇ ಜನಪ್ರಿಯ. ಅಲ್ಲಿ ಕೀಟನ್ ಮೊದಲು ಕೇಳಿದ್ದು ಪಾತ್ರ ಏನು ಅಂತ ಅಲ್ಲ, ಕ್ಯಾಮೆರಾ ಹೇಗೆ ಕೆಲಸ ಮಾಡುತ್ತೆ ಅಂತ. ಅದನ್ನು ಬಿಚ್ಚಿ, ಒಳಗಿನ ಹಲ್ಲುಚಕ್ರಗಳನ್ನು ನೋಡಿ, ಮತ್ತೆ ಜೋಡಿಸಿದ. ಆಮೇಲೆ ರಂಗದ ಕೆಲಸ ಬಿಟ್ಟು ವಾರಕ್ಕೆ 40 ಡಾಲರಿನ ಸಿನಿಮಾ ಕೆಲಸಕ್ಕೆ ಸೇರಿಕೊಂಡ. ಮೊದಲ ಚಿತ್ರ 'ದಿ ಬುಚರ್ ಬಾಯ್', 1917. ನಡುವೆ ಮೊದಲ ಮಹಾಯುದ್ಧಕ್ಕೆ ಸೈನಿಕನಾಗಿ ಫ್ರಾನ್ಸಿಗೆ ಹೋಗಿ ಬಂದ. ಅಲ್ಲಿ ಕಿವಿ ಹಾಳಾಯಿತು. ಮಾತಿಲ್ಲದ ಚಿತ್ರಗಳ ದೊರೆಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ.

1920ರಲ್ಲಿ ನಿರ್ಮಾಪಕ ಜೋಸೆಫ್ ಶೆಂಕ್ ಅವನಿಗೆ ತನ್ನದೇ ತಂಡ, ತನ್ನದೇ ಸ್ಟುಡಿಯೋ ಕೊಟ್ಟರು. ಒಂದು ಕಾಲಕ್ಕೆ ಚಾಪ್ಲಿನ್ ಕೆಲಸ ಮಾಡಿದ್ದ ಜಾಗ ಅದು. ಮುಂದಿನ ಎಂಟು ವರ್ಷ ಕೀಟನ್ ಅಲ್ಲಿ ಏನು ಮಾಡಿದ ಅನ್ನುವುದೇ ನಾನು ಇಲ್ಲಿ ನಿಂತು ಮಾತಾಡುತ್ತಿರುವುದಕ್ಕೆ ಕಾರಣ.

ಅಲ್ಲಿ ಕೆಲಸ ಹೇಗೆ ನಡೆಯುತ್ತಿತ್ತು ಅಂತ ಸ್ವಲ್ಪ ಹೇಳಬೇಕು. ಬರೆದಿಟ್ಟ ಸ್ಕ್ರಿಪ್ಟ್ ಇರುತ್ತಿರಲಿಲ್ಲ. ಕತೆಗೆ ಒಳ್ಳೆಯ ಶುರು ಬೇಕು, ಒಳ್ಳೆಯ ಮುಗಿತಾಯ ಬೇಕು. ನಡುವಿನದು ತಾನಾಗಿ ಬರುತ್ತದೆ ಅನ್ನುವುದು ಅವರ ನಂಬಿಕೆ. ಐಡಿಯಾ ಹೊಳೆಯದೆ ಸಿಕ್ಕಿಹಾಕಿಕೊಂಡರೆ ಎಲ್ಲರೂ ಹೊರಗೆ ಹೋಗಿ ಬೇಸ್‌ಬಾಲ್ ಆಡುತ್ತಿದ್ದರು. ಆಟದ ನಡುವೆ ಯಾರಿಗಾದರೂ ಹೊಳೆದರೆ ಬ್ಯಾಟು ಬಿಸಾಕಿ ಒಳಗೆ ಓಡಿಬರುತ್ತಿದ್ದರು.

1921ರ 'ದಿ ಪ್ಲೇಹೌಸ್' ನೋಡಿ. ಹಿಂದಿನ ಚಿತ್ರದ ಕೆಲಸದಲ್ಲಿ ಅವನ ಕಾಲಿನ ಕೀಲು ಮುರಿದಿತ್ತು. ಹಾರುವಂತಿಲ್ಲ, ಬೀಳುವಂತಿಲ್ಲ. ಏನು ಮಾಡುವುದು? ಒಂದು ರಂಗಮಂದಿರದಲ್ಲಿ ಇರುವವರೆಲ್ಲ ತಾನೇ ಆಗಿಬಿಟ್ಟ. ವಾದ್ಯದವರು ಅವನೇ, ನಟರು ಅವನೇ, ಪ್ರೇಕ್ಷಕರಾಗಿ ಬಂದ ಹೆಂಗಸರು, ಮಗು, ಮುದುಕ ಎಲ್ಲ ಅವನೇ. ಒಂದು ದೃಶ್ಯದಲ್ಲಿ ಒಂಬತ್ತು ಕೀಟನ್‌ಗಳು ಸಾಲಾಗಿ ಕೂತಿದ್ದಾರೆ. ಕಂಪ್ಯೂಟರ್ ಇಲ್ಲದ ಕಾಲ. ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸಬೇಕು. ಲೆನ್ಸಿನ ಮುಂದೆ ಮುಚ್ಚಳ ಇಟ್ಟು, ಅದರಲ್ಲಿ ಒಂದು ಸೀಳು ಮಾತ್ರ ತೆರೆದು, ಒಬ್ಬ ಕೀಟನ್‌ನನ್ನು ಸೆರೆಹಿಡಿಯುವುದು. ಫಿಲ್ಮನ್ನು ಹಿಂದಕ್ಕೆ ಸುತ್ತಿ, ಆ ಸೀಳು ಮುಚ್ಚಿ, ಪಕ್ಕದ್ದು ತೆರೆದು, ಎರಡನೆಯವನು. ಹೀಗೆ ಒಂಬತ್ತು ಸಲ, ಅದೇ ಫಿಲ್ಮಿನ ಮೇಲೆ. ಎಂಟನೇ ಸಲ ತಪ್ಪಿದರೂ ಹಿಂದಿನ ಏಳೂ ಹೋದವು. ಪ್ರತಿ ಸಲವೂ ಒಂದೇ ವೇಗದಲ್ಲಿ ಹಿಡಿ ತಿರುಗಿಸಿದವನು ಕ್ಯಾಮೆರಾಮನ್ ಎಲ್ಜಿನ್ ಲೆಸ್ಲಿ. ಅವನ ಮಣಿಕಟ್ಟಿಗೆ ನಾನು ಕೈಮುಗಿಯುತ್ತೇನೆ. ಇನ್ನೊಂದು ಮಾತನ್ನೂ ಹೇಳಲೇಬೇಕು. ಆ ಒಂಬತ್ತು ಮಂದಿ ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ವೇಷದಲ್ಲಿದ್ದಾರೆ. ಆ ಕಾಲದ ಅಮೆರಿಕದ ರಂಗದಲ್ಲಿ ಅದು ಮಾಮೂಲಿ. ಮಾಮೂಲಿ ಅಂದ ಮಾತ್ರಕ್ಕೆ ಸರಿಯಾಗಿತ್ತು ಅಂತಲ್ಲ. ನೋಡುವಾಗ ಅದು ಚುಚ್ಚುತ್ತದೆ, ಚುಚ್ಚಬೇಕು ಕೂಡ.

'ಶೆರ್ಲಾಕ್ ಜೂನಿಯರ್', 1924. ಇಲ್ಲಿ ಅವನು ಥಿಯೇಟರಿನ ಪ್ರೊಜೆಕ್ಟರ್ ಆಪರೇಟರ್. ಕೆಲಸದ ನಡುವೆ ನಿದ್ದೆ ಹೋಗಿ, ಕನಸಿನಲ್ಲಿ ಪರದೆಯ ಒಳಕ್ಕೇ ನಡೆದುಬಿಡುತ್ತಾನೆ. ಅವನು ನಿಂತಲ್ಲೇ ನಿಂತಿರುತ್ತಾನೆ, ಸುತ್ತಲಿನ ಜಾಗ ಬದಲಾಗುತ್ತಾ ಹೋಗುತ್ತದೆ. ತೋಟ ಹೋಗಿ ಬೀದಿ, ಬೀದಿ ಹೋಗಿ ಬೆಟ್ಟದ ತುದಿ, ಆಮೇಲೆ ಸಿಂಹಗಳು, ಮರಳುಗಾಡು, ಕಡಲ ಬಂಡೆ. ಬಂಡೆಯಿಂದ ನೀರಿಗೆ ಹಾರುತ್ತಾನೆ, ಬೀಳುವುದು ಹಿಮದಲ್ಲಿ. ಇದಕ್ಕಾಗಿ ಅವರು ಜಮೀನು ಅಳೆಯುವ ಸರ್ವೆಯವರ ಉಪಕರಣ ಇಟ್ಟುಕೊಂಡು, ಕ್ಯಾಮೆರಾಗೂ ಅವನಿಗೂ ಇರುವ ದೂರವನ್ನು ಪ್ರತಿ ಜಾಗದಲ್ಲೂ ಅಳೆದು ನಿಲ್ಲಿಸಿದರು. ಸಿನಿಮಾ ಅಂದರೆ ಏನು ಅಂತ ವಿವರಿಸುವ ದಪ್ಪ ಪುಸ್ತಕಗಳನ್ನು ನಾನೂ ಓದಿದ್ದೇನೆ. ಈ ಎರಡು ನಿಮಿಷ ಹೇಳಿದಷ್ಟನ್ನು ಅವು ಹೇಳಲಿಲ್ಲ.

ಅದೇ ಚಿತ್ರದಲ್ಲಿ ಅವನು ಓಡುವ ಗೂಡ್ಸ್ ರೈಲಿನ ನೆತ್ತಿಯ ಮೇಲೆ ಓಡಿ, ನೀರಿನ ಟ್ಯಾಂಕಿನ ಕೊಳವೆಗೆ ಜೋತುಬೀಳುತ್ತಾನೆ. ನೀರು ಧುಮ್ಮಿಕ್ಕಿ ಅವನನ್ನು ಹಳಿಯ ಮೇಲೆ ಕೆಡವಿತು. ಕತ್ತು ಹಳಿಗೆ ಬಡಿಯಿತು. ಕೆಲವು ದಿನ ವಿಪರೀತ ತಲೆನೋವು, ಆಮೇಲೆ ಮತ್ತೆ ಕೆಲಸ. ವರ್ಷಗಳು ಕಳೆದ ಮೇಲೆ ಬೇರೆ ಯಾವುದಕ್ಕೋ ಎಕ್ಸ್‌ರೇ ತೆಗೆಸಿದಾಗ ಡಾಕ್ಟರ್ ಕೇಳಿದರು, ನಿಮ್ಮ ಕತ್ತಿನ ಮೂಳೆ ಮುರಿದದ್ದು ಯಾವಾಗ ಅಂತ. ಮುರಿದಿದ್ದೇ ಅವನಿಗೆ ಗೊತ್ತಿರಲಿಲ್ಲ. ಆ ಶಾಟ್ ಈಗಲೂ ಚಿತ್ರದಲ್ಲಿದೆ. ಅವನು ಎದ್ದು ಓಡಿಹೋಗುತ್ತಾನೆ.

ನಮ್ಮಲ್ಲಿ 'ಡ್ಯೂಪ್' ಅನ್ನುತ್ತೇವಲ್ಲ, ಹೀರೋ ಬದಲು ಬೀಳುವವನು. ಕೀಟನ್ ಡ್ಯೂಪ್ ಬೇಡ ಅಂದದ್ದಷ್ಟೇ ಅಲ್ಲ, ಕೆಲವೊಮ್ಮೆ ಬೇರೆ ನಟರ ಡ್ಯೂಪ್ ಆಗಿಯೂ ಬಿದ್ದ. 'ಕಾಲೇಜ್' ಚಿತ್ರದಲ್ಲಿ ಕೋಲು ಹಿಡಿದು ಮಹಡಿಯ ಕಿಟಕಿಗೆ ಹಾರುವ ಒಂದು ಶಾಟ್ ಇದೆ. ಅದನ್ನು ಮಾಡಿದ್ದು ಒಲಿಂಪಿಕ್ ಚಾಂಪಿಯನ್ ಲೀ ಬಾರ್ನ್ಸ್. ಅದನ್ನು ಕೀಟನ್ ಮುಚ್ಚಿಡಲಿಲ್ಲ, ಕೇಳಿದವರಿಗೆಲ್ಲ ಹೇಳಿದ. ಡ್ಯೂಪ್‌ಗಳ ಕೆಲಸ ಕಡಿಮೆಯದು ಅಂತ ನಾನು ಹೇಳುತ್ತಿಲ್ಲ. ನಾನು ಹೇಳುತ್ತಿರುವುದು ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ ಅನ್ನುವುದರ ಬಗ್ಗೆ. ಈಗಿನ ಫೈಟ್‌ಗಳಲ್ಲಿ ಸೆಕೆಂಡಿಗೊಂದು ಕಟ್. ಯಾರು ಹೊಡೆದರು, ಯಾರು ಬಿದ್ದರು ಅಂತ ಕಾಣುವ ಮೊದಲೇ ಶಾಟ್ ಹೋಗಿರುತ್ತದೆ. ಕೀಟನ್ ಕ್ಯಾಮೆರಾವನ್ನು ದೂರ ಇಡುತ್ತಿದ್ದ. ತಲೆಯಿಂದ ಪಾದದವರೆಗೆ ಅವನೂ ಕಾಣಬೇಕು, ಅವನ ಮೇಲೆ ಬರುತ್ತಿರುವ ಅಪಾಯವೂ ಅದೇ ಚೌಕಟ್ಟಿನಲ್ಲಿ ಕಾಣಬೇಕು. ಕತ್ತರಿಸಿದರೆ ನೋಡುವವನಿಗೆ ಅನುಮಾನ ಬರುತ್ತದೆ, ಅನುಮಾನ ಬಂದರೆ ನಗು ಹೋಗುತ್ತದೆ.

'ಸ್ಟೀಮ್‌ಬೋಟ್ ಬಿಲ್ ಜೂನಿಯರ್', 1928. ಮೊದಲು ಅಂದುಕೊಂಡದ್ದು ಪ್ರವಾಹದ ಕತೆ. 1927ರಲ್ಲಿ ಮಿಸಿಸಿಪ್ಪಿ ನದಿ ಉಕ್ಕಿ ಅಪಾರ ಸಾವುನೋವು ಆಗಿತ್ತು. ಹಾಗಾಗಿ ಪ್ರವಾಹ ಬಿಟ್ಟು ಬಿರುಗಾಳಿ ಮಾಡಿಕೊಂಡರು. ವಿಮಾನದ ಎಂಜಿನ್‌ಗಳಿಂದ ಗಾಳಿ ಎಬ್ಬಿಸಿದರು. ಕೀಟನ್ ಬೀದಿಯಲ್ಲಿ ನಿಂತಿದ್ದಾನೆ, ಹಿಂದೆ ಎರಡು ಮಹಡಿಯ ಮನೆ. ಮನೆಯ ಮುಂಗೋಡೆ ಇಡಿಯಾಗಿ ಅವನ ಮೇಲೆ ಬೀಳುತ್ತದೆ. ಮೇಲಿನ ಕಿಟಕಿ ತೆರೆದಿದೆ. ಆ ಕಿಟಕಿಯ ಜಾಗ ಸರಿಯಾಗಿ ಅವನ ಮೇಲೆ ಇಳಿಯುತ್ತದೆ. ಗೋಡೆಯ ತೂಕ ಸುಮಾರು ಎರಡು ಟನ್. ತಲೆಗೂ ಭುಜಕ್ಕೂ ಕಿಟಕಿಯ ಕಟ್ಟಿಗೂ ನಡುವೆ ಉಳಿದದ್ದು ಕೆಲವೇ ಅಂಗುಲ. ಎಲ್ಲಿ ನಿಲ್ಲಬೇಕು ಅಂತ ನೆಲಕ್ಕೆ ಗುರುತು ಹಾಕಿದ್ದರು. ಆ ಗುರುತಿನಿಂದ ಪಾದ ಸರಿಯಬಾರದು, ಅಷ್ಟೇ. ಇನ್ನೊಂದು ಟೇಕ್ ಕೇಳುವ ಹಾಗೇ ಇಲ್ಲ.

ಇದು ಹುಚ್ಚು ಧೈರ್ಯ ಅಂತ ನೀವು ಅಂದುಕೊಂಡರೆ ಒಂದು ವಿಷಯ ಗಮನಿಸಿ. 1920ರ 'ಒನ್ ವೀಕ್' ಎಂಬ ಕಿರುಚಿತ್ರದಲ್ಲಿ ಇದೇ ಆಟವನ್ನು ಅವನು ಹಗುರವಾದ ಗೋಡೆಯಿಂದ ಮಾಡಿದ್ದ. ಅದಕ್ಕೂ ಮೊದಲು ಅರ್ಬಕಲ್ ಜೊತೆ ರಂಗದ ಸೀನರಿಯಿಂದ ಮಾಡಿದ್ದರು. ಬಟ್ಟೆಯಿಂದ ಶುರುವಾಗಿ ಎರಡು ಟನ್ನಿಗೆ ಬಂದು ನಿಂತಿತು, ಸುಮಾರು ಹತ್ತು ವರ್ಷದಲ್ಲಿ. ಲೆಕ್ಕ ಬರುವ ಮೇಸ್ತ್ರಿಯ ಧೈರ್ಯ ಅದು.

ಈಗ 'ದಿ ಜನರಲ್'. ನೀವು ಈಗಷ್ಟೇ ನೋಡಿದಿರಿ, ಹಾಗಾಗಿ ಕತೆ ಹೇಳುವುದಿಲ್ಲ. 1862ರಲ್ಲಿ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಉತ್ತರದ ಸೈನಿಕರು ದಕ್ಷಿಣದ ಒಂದು ರೈಲು ಎಂಜಿನ್ ಕದ್ದು ಓಡಿದ್ದು ನಿಜವಾಗಿ ನಡೆದ ಘಟನೆ. ಕೀಟನ್ ಅದನ್ನು ದಕ್ಷಿಣದ ಎಂಜಿನ್ ಡ್ರೈವರಿನ ಕಡೆಯಿಂದ ಹೇಳಿದ. ದಕ್ಷಿಣ ಹೋರಾಡುತ್ತಿದ್ದುದು ಗುಲಾಮಗಿರಿಯನ್ನು ಉಳಿಸಿಕೊಳ್ಳಲು. ಚಿತ್ರ ಆ ಸುದ್ದಿಯನ್ನೇ ಎತ್ತುವುದಿಲ್ಲ. ಇದು ಅವನ ಅತ್ಯುತ್ತಮ ಚಿತ್ರ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆ ಮೌನ ದೊಡ್ಡ ಕೊರತೆ ಅನ್ನುವುದರಲ್ಲೂ ಇಲ್ಲ.

ಚಿತ್ರೀಕರಣ ನಡೆದದ್ದು 1926ರ ಬೇಸಿಗೆಯಲ್ಲಿ, ಆರೆಗಾನ್ ರಾಜ್ಯದ ಕಾಟೇಜ್ ಗ್ರೋವ್‌ನಲ್ಲಿ. ಸೈನಿಕರ ವೇಷಕ್ಕೆ ಆ ರಾಜ್ಯದ ನ್ಯಾಷನಲ್ ಗಾರ್ಡ್ ಪಡೆಯವರು ಬಂದರು. ನೀಲಿ ಬಟ್ಟೆ ಹಾಕಿ ಒಂದು ದಿಕ್ಕಿಗೆ ಓಡಿಸಿದರೆ ಉತ್ತರದ ಸೈನ್ಯ. ಅವರಿಗೇ ಬೂದು ಬಟ್ಟೆ ಹಾಕಿ ಇನ್ನೊಂದು ದಿಕ್ಕಿಗೆ ಓಡಿಸಿದರೆ ದಕ್ಷಿಣದ ಸೈನ್ಯ! ಸೌದೆ ಉರಿಸುವ ಎಂಜಿನ್‌ಗಳ ಕಿಡಿಯಿಂದ ಕಾಡಿಗೆ ಬೆಂಕಿ ಬಿದ್ದಾಗ ಇಡೀ ತಂಡ ಬೆಂಕಿ ಆರಿಸಲು ಓಡಿತು. ಆ ಸೇತುವೆಯ ಶಾಟ್ ನೋಡಲು ಸಾವಿರಾರು ಜನ ನದಿಯ ದಡಕ್ಕೆ ಬಂದಿದ್ದರು. ಉರಿಯುವ ಸೇತುವೆ ಕುಸಿದು ಎಂಜಿನ್ ನದಿಗೆ ಬೀಳುತ್ತದಲ್ಲ, ಅದು ಗೊಂಬೆಯ ಎಂಜಿನ್ ಅಲ್ಲ, ನಿಜವಾದದ್ದು. ಆ ಒಂದೇ ಶಾಟಿಗೆ ಸುಮಾರು 42,000 ಡಾಲರ್ ಖರ್ಚು. ಮೂಕಿ ಕಾಲದ ಅತಿ ದುಬಾರಿ ಶಾಟ್ ಅಂತಲೇ ಅದು ಹೆಸರುವಾಸಿ. ಎಂಜಿನ್ ನದಿಯಲ್ಲೇ ಬಿದ್ದಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಹಳೇ ಕಬ್ಬಿಣಕ್ಕೆ ಎತ್ತಿಕೊಂಡು ಹೋದರು.

ಆದರೆ ನನ್ನ ಕಣ್ಣು ನಿಲ್ಲುವುದು ಆ ಸೇತುವೆಯ ಮೇಲಲ್ಲ. ಹುಡುಗಿ ಬೇಡ ಅಂದಮೇಲೆ ಅವನು ಬಂದು ಎಂಜಿನ್ ಚಕ್ರಗಳನ್ನು ಜೋಡಿಸುವ ಕಬ್ಬಿಣದ ದಂಡದ ಮೇಲೆ ಕೂರುತ್ತಾನೆ ನೋಡಿ. ಎಂಜಿನ್ ಹೊರಡುತ್ತದೆ. ದಂಡ ಅವನನ್ನು ಮೇಲೆತ್ತುತ್ತದೆ, ಕೆಳಗಿಳಿಸುತ್ತದೆ. ಅವನಿಗೆ ಗೊತ್ತೇ ಆಗುವುದಿಲ್ಲ, ಅಷ್ಟು ದುಃಖ. ಹಬೆ ಸ್ವಲ್ಪ ಜಾಸ್ತಿಯಾಗಿ ಚಕ್ರ ಗಿರ್ರನೆ ಜಾರಿ ತಿರುಗಿದ್ದರೆ ಅವನ ಪ್ರಾಣವೇ ಹೋಗುತ್ತಿತ್ತು. ಅಷ್ಟು ಅಪಾಯ ತೆಗೆದುಕೊಂಡದ್ದು ಒಂದು ಸಣ್ಣ ದುಃಖ ತೋರಿಸುವುದಕ್ಕೆ.

ಚಿತ್ರ ಸೋತಿತು. ವಿಮರ್ಶಕರು ಬಯ್ದರು, ದುಡ್ಡು ಬರಲಿಲ್ಲ. ಇಲ್ಲಿಂದ ಮುಂದಿನದನ್ನು ಜನ ಸಾಮಾನ್ಯವಾಗಿ ಹೇಗೆ ಹೇಳುತ್ತಾರೆ ಅಂದರೆ, ಟಾಕಿ ಬಂತು, ಮೂಕಿ ನಟರು ಮುಳುಗಿದರು, ಕೀಟನ್ ಕೂಡ ಮುಳುಗಿದ. ಇದನ್ನು ಒಪ್ಪಬೇಡಿ ಅಂತ ಕೇಳಿಕೊಳ್ಳುವುದಕ್ಕೇ ನಾನು ಬಂದಿದ್ದೇನೆ. ಅವನ ದನಿ ಚೆನ್ನಾಗಿತ್ತು, ಗಡಸು ದನಿ, ಆ ಮುಖಕ್ಕೆ ಹೊಂದುವಂಥದ್ದು. ಮಾತಿಗೆ ಅವನು ಹೆದರಲೂ ಇಲ್ಲ. ಆಗಿದ್ದೇ ಬೇರೆ. 1928ರಲ್ಲಿ ಶೆಂಕ್ ಮಾತು ಕೇಳಿ ಅವನು ತನ್ನ ಸ್ಟುಡಿಯೋ ಬಿಟ್ಟು ಎಂಜಿಎಂ ಎಂಬ ದೊಡ್ಡ ಕಂಪನಿಗೆ ಸೇರಿದ. ಹೋಗಬೇಡ ಅಂತ ಚಾಪ್ಲಿನ್ ಹೇಳಿದ್ದರು, ಆಗಿನ ಇನ್ನೊಬ್ಬ ದೊಡ್ಡ ಹಾಸ್ಯನಟ ಹೆರಾಲ್ಡ್ ಲಾಯ್ಡ್ ಹೇಳಿದ್ದರು. ಜೀವನದ ಅತಿ ದೊಡ್ಡ ತಪ್ಪು ಅಂತ ಅವನೇ ಆಮೇಲೆ ಹೇಳಿಕೊಂಡ.

ಅಲ್ಲಿ ಮೊದಲ ಚಿತ್ರ 'ದಿ ಕ್ಯಾಮೆರಾಮ್ಯಾನ್' ಚೆನ್ನಾಗೇ ಬಂತು. ಆಮೇಲೆ ಎಲ್ಲವೂ ಮೊದಲೇ ಬರೆದಿರಬೇಕು, ಮೇಲಿನವರು ಸಹಿ ಹಾಕಬೇಕು ಅಂತಾಯಿತು. ಬೇಸ್‌ಬಾಲ್ ಆಡುತ್ತಾ ಯೋಚಿಸುತ್ತಿದ್ದ ತಂಡ ಚದುರಿಹೋಯಿತು. ಅವನ ಬಾಯಿಗೆ ಮಾತಿನ ಜೋಕುಗಳನ್ನು ತುರುಕಿದರು. ಜಿಮ್ಮಿ ಡ್ಯುರಾಂಟಿ ಎಂಬ ಬಾಯಿಬಡುಕ ಹಾಸ್ಯಗಾರನ ಜೊತೆ ಕಟ್ಟಿಹಾಕಿದರು. ಡಬ್ಬಿಂಗ್ ಇನ್ನೂ ಬಂದಿರದ ಕಾಲ, ಒಂದೇ ಚಿತ್ರವನ್ನು ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ಮತ್ತೆ ಮತ್ತೆ ತೆಗೆಯುತ್ತಿದ್ದರು. ಅರ್ಥ ಗೊತ್ತಿಲ್ಲದ ಮಾತನ್ನು ಉಚ್ಚಾರಣೆ ಬಾಯಿಪಾಠ ಮಾಡಿ ಹೇಳಬೇಕಿತ್ತು. ಇಷ್ಟಾಗಿಯೂ ಆ ಟಾಕಿಗಳು ದುಡ್ಡು ಮಾಡಿದವು! ಜನ ಅವನ ದನಿಯನ್ನು ತಳ್ಳಿಹಾಕಲೇ ಇಲ್ಲ. ಕ್ಯಾಮೆರಾ ಬಿಚ್ಚಿ ನೋಡಿದವನ ಕೈಯಿಂದ ಕೆಲಸವನ್ನೇ ಕಿತ್ತುಕೊಂಡರು. ಅದು ಅವನನ್ನು ಮುರಿಯಿತು.

ಕುಡಿತ ಹಿಡಿಯಿತು. 1932ರಲ್ಲಿ ಮದುವೆ ಮುರಿಯಿತು. ಮೊದಲ ಹೆಂಡತಿ ನಟಾಲಿ ಟಾಲ್ಮಡ್ಜ್ ಇಬ್ಬರು ಗಂಡುಮಕ್ಕಳ ಹೆಸರಿನಿಂದ ಕೀಟನ್ ಅನ್ನುವುದನ್ನೇ ತೆಗೆಸಿದರು. 1933ರಲ್ಲಿ ಕಂಪನಿ ಅವನನ್ನು ಕೆಲಸದಿಂದ ತೆಗೆಯಿತು. ಮುಂದಿನ ವರ್ಷಗಳನ್ನು ಬೇಗ ದಾಟಿಬಿಡುತ್ತೇನೆ. ಕಡಿಮೆ ದುಡ್ಡಿನ ಕಿರುಚಿತ್ರಗಳು, ಆಸ್ಪತ್ರೆ, ಆಮೇಲೆ ಅದೇ ಎಂಜಿಎಂನಲ್ಲಿ ವಾರಕ್ಕೆ 100 ಡಾಲರಿಗೆ ಬೇರೆಯವರ ಚಿತ್ರಗಳಿಗೆ ಹಾಸ್ಯ ಹೊಳೆಯಿಸಿಕೊಡುವ ಕೆಲಸ. 1940ರಲ್ಲಿ ಎಲಿನಾರ್ ನಾರಿಸ್ ಎಂಬ ನೃತ್ಯಗಾತಿಯನ್ನು ಮದುವೆಯಾದ. ಆಕೆಗೆ 21, ಅವನಿಗೆ 44. ನಿಲ್ಲುವುದಿಲ್ಲ ಅಂದವರೇ ಜಾಸ್ತಿ. ಅವನು ಸಾಯುವವರೆಗೂ ಆಕೆ ಜೊತೆಗಿದ್ದರು. ಅವನ ಜೀವನದ ಎರಡನೇ ಅರ್ಧ ಉಳಿದದ್ದು ಎಲಿನಾರ್ ಇದ್ದದ್ದರಿಂದ. ಈ ಮಾತನ್ನು ಅವನ ಬಗ್ಗೆ ಮಾತಾಡುವವರು ಸಾಕಷ್ಟು ಗಟ್ಟಿಯಾಗಿ ಹೇಳುವುದಿಲ್ಲ.

ಚಿತ್ರಗಳ ಗತಿ ಏನಾಯಿತು? ಆಗಿನ ಫಿಲ್ಮ್ ನೈಟ್ರೇಟಿನದು. ಬೇಗ ಹೊತ್ತಿಕೊಳ್ಳುತ್ತದೆ, ಸುಮ್ನೆ ಇಟ್ಟರೂ ಕೊಳೆತು ಪುಡಿಯಾಗುತ್ತದೆ. ಮೂಕಿ ಕಾಲದ ಬಹುಪಾಲು ಚಿತ್ರಗಳು ಹೀಗೇ ಹೋದವು, ನಮ್ಮ ದೇಶದವೂ ಸೇರಿ. ಕೀಟನ್ ಹಿಂದೆ ಬೆವರ್ಲಿ ಹಿಲ್ಸ್‌ನಲ್ಲಿ ಕಟ್ಟಿಸಿದ್ದ ದೊಡ್ಡ ಮನೆಯನ್ನು ನಟ ಜೇಮ್ಸ್ ಮೇಸನ್ ಕೊಂಡಿದ್ದರು. 1950ರ ದಶಕದಲ್ಲಿ ಆ ಮನೆಯಲ್ಲಿ ಹಳೆಯ ಫಿಲ್ಮ್ ಸುರುಳಿಗಳು ಸಿಕ್ಕವು. ರೇಮಂಡ್ ರೋಹೌರ್ ಎಂಬ ಪ್ರದರ್ಶಕ ಉಳಿದವನ್ನು ಹುಡುಕಿ ಮತ್ತೆ ತೋರಿಸತೊಡಗಿದರು. ಅದಕ್ಕೂ ಮೊದಲು, 1949ರಲ್ಲಿ, ಜೇಮ್ಸ್ ಏಜಿ ಎಂಬ ವಿಮರ್ಶಕ 'ಲೈಫ್' ಪತ್ರಿಕೆಯಲ್ಲಿ ಮೂಕಿ ಹಾಸ್ಯದ ಬಗ್ಗೆ ಬರೆದ ಲೇಖನ ಜನರಿಗೆ ಇವನನ್ನು ನೆನಪಿಸಿತ್ತು. 1952ರಲ್ಲಿ ಚಾಪ್ಲಿನ್ ಜೊತೆ 'ಲೈಮ್‌ಲೈಟ್'ನಲ್ಲಿ ಒಂದು ದೃಶ್ಯ. 1960ರಲ್ಲಿ ಗೌರವ ಆಸ್ಕರ್. 1965ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಸಭೆ ಎದ್ದು ನಿಂತು ಬಹಳ ಹೊತ್ತು ಚಪ್ಪಾಳೆ ಹೊಡೆಯಿತು. 1972ರಲ್ಲಿ ಜಗತ್ತಿನ ವಿಮರ್ಶಕರು ಆರಿಸಿದ ಹತ್ತು ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ 'ದಿ ಜನರಲ್' ಸೇರಿತು. ಅದನ್ನು ನೋಡಲು ಅವನಿರಲಿಲ್ಲ. 1966ರ ಫೆಬ್ರವರಿ 1ರಂದು, ಲಾಸ್ ಏಂಜಲೀಸ್‌ನ ವುಡ್‌ಲ್ಯಾಂಡ್ ಹಿಲ್ಸ್‌ನ ತನ್ನ ಮನೆಯಲ್ಲಿ, ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದ. ಆ ಮನೆಯ ಹಿತ್ತಿಲಲ್ಲಿ ಅವನು ಕೋಳಿ ಸಾಕಿದ್ದ, ಆಟಿಕೆ ರೈಲಿನ ಹಳಿ ಹಾಕಿದ್ದ. ಬಂದ ನೆಂಟರಿಗೆ ತಿಂಡಿ ಆ ರೈಲಿನಲ್ಲೇ ಬರುತ್ತಿತ್ತು.

ಸಾಯುವುದಕ್ಕೆ ಸುಮಾರು ಒಂದೂವರೆ ವರ್ಷ ಹಿಂದಿನ ಒಂದು ತುಣುಕು ಉಳಿಸಿಕೊಂಡಿದ್ದೇನೆ. 1964ರಲ್ಲಿ ಕೆನಡಾ ಸರ್ಕಾರದ ಚಿತ್ರ ಸಂಸ್ಥೆ 'ದಿ ರೈಲ್‌ರಾಡರ್' ಎಂಬ ಕಿರುಚಿತ್ರ ತೆಗೆಯಿತು. ರೈಲ್ವೆಯವರು ಹಳಿ ನೋಡಿಕೊಂಡು ಹೋಗುವ ಪುಟ್ಟ ಮೋಟಾರು ಗಾಡಿ ಇರುತ್ತದಲ್ಲ, ಅದರಲ್ಲಿ ಕೀಟನ್ ಇಡೀ ಕೆನಡಾ ದಾಟುತ್ತಾನೆ. ಮಾತಿಲ್ಲ. ಅವನಿಗೆ 69 ವರ್ಷ. ಆ ಚಿತ್ರ ತಯಾರಾಗುವುದನ್ನು ಇನ್ನೊಂದು ಕ್ಯಾಮೆರಾ ಸೆರೆಹಿಡಿದಿದೆ. ಅದರಲ್ಲಿ ಒಂದು ಜಗಳ ಇದೆ. ಎತ್ತರದ ಸೇತುವೆಯ ಮೇಲೆ ಗಾಡಿ ಓಡುವಾಗ ತಾನು ದೊಡ್ಡ ನಕ್ಷೆಯೊಂದನ್ನು ಬಿಡಿಸಲು ಹೋಗಿ, ಅದು ಮೈಗೆಲ್ಲ ಸುತ್ತಿಕೊಳ್ಳಬೇಕು ಅನ್ನುವುದು ಕೀಟನ್ ಆಸೆ. ಯುವ ನಿರ್ದೇಶಕ ಜೆರಾಲ್ಡ್ ಪಾಟರ್‌ಟನ್‌ಗೆ ಭಯ. ಮುದುಕರಿಗೆ ಏನಾದರೂ ಆದರೆ? ಬೇರೆ ಸುರಕ್ಷಿತ ಜಾಗದಲ್ಲಿ ತೆಗೆಯೋಣ ಅನ್ನುತ್ತಾರೆ. ಕೀಟನ್ ಸಿಟ್ಟಾಗುತ್ತಾನೆ. ಅವನ ವಾದ ಅಪಾಯದ ಬಗ್ಗೆ ಅಲ್ಲವೇ ಅಲ್ಲ. ಕೆಳಗೆ ಕಣಿವೆ ಇಲ್ಲದಿದ್ದರೆ ನಕ್ಷೆಯಲ್ಲಿ ನಗು ಎಲ್ಲಿದೆ ಅಂತ.

ಕೊನೆಗೆ ಅವನು ಹೇಳಿದ ಹಾಗೇ ತೆಗೆದರು. ದೀಪ ಆರಿಸಿ, ಅದನ್ನೇ ನೋಡೋಣ. ಕ್ಯಾಮೆರಾ ದೂರದಲ್ಲಿದೆ. ಸೇತುವೆ, ಕಣಿವೆ, ಗಾಡಿ, ಎಲ್ಲ ಒಂದೇ ಚೌಕಟ್ಟಿನಲ್ಲಿ. ಕಾಗದದೊಳಗೆ ಸಿಕ್ಕಿಕೊಂಡು ಕೈಕಾಲು ಆಡಿಸುತ್ತಿರುವವನೇ ಅವನು.